ಕ್ರೀಮಿಗೆ ಹಾಕೋ ಎಮಲ್ಸಿಫೈಯಿಂಗ್ ವ್ಯಾಕ್ಸ್ ಸುರಕ್ಷಿತವೇ? ಹುಣಸೆ ಬಿಡಿಸೋ ಕೈಗೆ ಹಚ್ಚಿದ್ರೆ ಉರೀತಿದೆ

ಹುಣಸೆತೋಪು (ಗುಬ್ಬಿ ತಾಲೂಕು)

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಇದೆ, ದಯವಿಟ್ಟು ಪೂರ್ತಿ ಓದಿ.

ನಮ್ಮ ಕಡೆ ಸಂಕ್ರಾಂತಿ ಕಳೆದ ಮೇಲೆ ಯುಗಾದಿ ತನಕ ಹುಣಸೆಹಣ್ಣಿನ ಕೆಲಸ. ಮರ ಗುತ್ತಿಗೆ ಹಿಡಿದವರು ಹಣ್ಣು ತಂದು ಸುರೀತಾರೆ, ನಾವು ಹೆಂಗಸರು ಓಡು ಒಡೆದು, ನಾರು ತೆಗೆದು, ಬೀಜ ಬಿಡಿಸಿ ಕೊಡ್ತೀವಿ. ಕೆಜಿ ಲೆಕ್ಕದಲ್ಲಿ ಕೂಲಿ. ಬೆಳಿಗ್ಗೆಯಿಂದ ಸಂಜೆವರೆಗೂ ಕೈ ಹುಳಿಯಲ್ಲೇ ಇರೋದ್ರಿಂದ ಬೆರಳ ಗೆಣ್ಣು, ಉಗುರಿನ ಸಂದು ಎಲ್ಲ ಸೀಳು ಬಿಡುತ್ತೆ. ರಾತ್ರಿ ಖಾರದ ಸಾರಿಗೆ ಮುದ್ದೆ ಅದ್ದಿದ್ರೆ ಕಣ್ಣಲ್ಲಿ ನೀರು ಬರುತ್ತೆ.

ನಮ್ಮ ಸಂಘದಲ್ಲಿ ಎರಡು ವರ್ಷದಿಂದ ಮನೆಬಳಕೆಗೆ ಕೊಬ್ಬರಿ ಎಣ್ಣೆ ಸೋಪು ಮಾಡ್ಕೊಳ್ತಿದ್ದೀವಿ. ಆ ಧೈರ್ಯದ ಮೇಲೆ ಕೈಗೊಂದು ಕ್ರೀಮು ನಾವೇ ಮಾಡೋಣ ಅಂತ ಹೊರಟೆ. ಮೊದಲ ಸಲ ಕೊಬ್ಬರಿ ಎಣ್ಣೆ, ಜೇನುಮೇಣ, ಪನ್ನೀರು ಸೇರಿಸಿ ಮಿಕ್ಸಿಯಲ್ಲಿ ತಿರುವಿದೆ. ಆಗ ಬೆಣ್ಣೆ ಥರ ಚೆನ್ನಾಗೇ ಇತ್ತು. ಬೆಳಿಗ್ಗೆ ಮುಚ್ಚಳ ತೆಗೆದ್ರೆ ಎಣ್ಣೆ ಗಟ್ಟಿ, ತಳದಲ್ಲಿ ನೀರು. ನೆಟ್‌ನಲ್ಲಿ ಹುಡುಕಿ, ಬೆಂಗಳೂರಿನ ಅಂಗಡಿಯೊಂದರಿಂದ ಎಣ್ಣೆ ನೀರು ಬೇರೆಯಾಗದ ಹಾಗೆ ಹಿಡಿದಿಡೋ ಎಮಲ್ಸಿಫೈಯಿಂಗ್ ವ್ಯಾಕ್ಸ್ ಅನ್ನೋ ಮೇಣ ತರಿಸಿ ಎರಡನೇ ಸಲ ಮಾಡಿದೆ. ಈ ಸಲ ಹದಿನೈದು ದಿನ ಆದ್ರೂ ಒಡೆದಿಲ್ಲ, ಬಿಳಿ, ಮೆತ್ತಗೆ, ನೋಡಕ್ಕೆ ಅಂಗಡಿ ಕ್ರೀಮೇ. ಆದ್ರೆ ಹಚ್ಚಿದ ಆರು ಜನರಲ್ಲಿ ನಾಲ್ಕು ಜನ ಉರಿ ಉರಿ ಅಂದ್ರು. ಒಬ್ಬರ ಕೈ ಮೂರೇ ದಿನಕ್ಕೆ ಕೆಂಪಾಗಿ ಸಿಪ್ಪೆ ಏಳ್ತು. ಇದನ್ನ ಕೇಳಿ ನಮ್ಮ ಭಾವ ವಾಟ್ಸಾಪಿನಲ್ಲಿ ಬಂದ ಸಂದೇಶ ತೋರಿಸಿ, ಈ ಮೇಣದಲ್ಲಿ ಪಿಇಜಿ ಅನ್ನೋ ರಾಸಾಯನಿಕ ಇದೆ, ಕ್ಯಾನ್ಸರ್ ತರುತ್ತೆ, ಎಸೀರಿ ಅಂದ್ರು.

ನನ್ನ ಮಾತು ನಂಬಿ ಕೈ ಚಾಚಿದವರು ಅವರು. ನಾನು ಹಚ್ಚಿದ್ದು ಏನು ಅಂತ ನನಗೇ ಗೊತ್ತಿಲ್ಲದೆ ಹಚ್ಚಿದೆನಲ್ಲ ಅಂತ ನಿದ್ದೆ ಬರ್ತಿಲ್ಲ. ಗೊತ್ತಿರೋರು ತಿಳಿಸಿ.

ಗಾಣದಮನೆ (ತಿಪಟೂರು)

ಅಕ್ಕಾ, ಬರೀ ಎಣ್ಣೆ ಹಚ್ಚಿದ್ರೆ ಸಾಲದಾ? ನಮ್ಮಲ್ಲಿ ಕಾಯಿ ಸುಲಿಯೋರೆಲ್ಲ ರಾತ್ರಿ ಕೊಬ್ಬರಿ ಎಣ್ಣೆ ಸವರಿಕೊಂಡೇ ಮಲಗೋದು. ನೀರು, ಮೇಣ ಎಲ್ಲ ಯಾಕೆ?

ಇನ್ನೊಂದು ವಿಷಯ. ಮೊದಲ ಸಲದ್ದರಲ್ಲಿ ತಳದಲ್ಲಿ ನೀರು ನಿಂತಿದ್ರೆ ಅದು ಒಡೆದದ್ದೇ ನಿಜ. ಆದ್ರೆ ಚಳಿಗಾಲದ ಬೆಳಿಗ್ಗೆ ಕ್ರೀಮಿನಲ್ಲಿ ರವೆ ಥರ ಕಾಳು ಕಂಡ್ರೆ ಒಡೆದಿದೆ ಅಂತ ಎಸೀಬೇಡಿ. ಕೊಬ್ಬರಿ ಎಣ್ಣೆ ಸುಮಾರು 24 ಡಿಗ್ರಿ ಕೆಳಗೆ ಹೆಪ್ಪುಗಟ್ಟುತ್ತೆ, ಜನವರಿಯಲ್ಲಿ ನಮ್ಮ ಕಡೆ ಡಬ್ಬಿಯಿಂದ ಸುರಿಯಕ್ಕೇ ಆಗಲ್ಲ.

ಹುಣಸೆತೋಪು (ಗುಬ್ಬಿ ತಾಲೂಕು)

ರಾತ್ರಿ ನಾವೂ ಎಣ್ಣೆನೇ ಹಚ್ಚೋದು ಅಣ್ಣ. ತೊಂದರೆ ಹಗಲಿಂದು. ಮಧ್ಯಾಹ್ನ ಊಟಕ್ಕೆ ಕೈ ತೊಳೆದ ಮೇಲೆ ಚರ್ಮ ಬಿಗೀತದೆ, ಆಗ ಏನಾದ್ರೂ ಬೇಕು. ಎಣ್ಣೆ ಹಚ್ಚಿ ಕೂತ್ರೆ ಕತ್ತಿ ಜಾರುತ್ತೆ, ಜಿಡ್ಡು ಹಣ್ಣಿಗೆ ಹತ್ತುತ್ತೆ, ವ್ಯಾಪಾರಿ ಬೈತಾರೆ. ಹಚ್ಚಿದ ಐದು ನಿಮಿಷಕ್ಕೆ ಇಂಗೋ ಅಂಥದ್ದು ಬೇಕು.

ಔಷಧ_ಪಾಠ (ತುಮಕೂರು)

ನಾನು ಫಾರ್ಮಸಿ ವಿದ್ಯಾರ್ಥಿಗಳಿಗೆ ಮುಲಾಮು, ಕ್ರೀಮುಗಳ ಪಾಠ ಮಾಡುವವಳು. ಹುಣಸೆತೋಪು ಅವರೇ, ನೀವು ಕೇಳಿರುವುದರಲ್ಲಿ ಎರಡು ಪ್ರಶ್ನೆಗಳಿವೆ: ಉರಿ ಯಾಕೆ, ಕ್ಯಾನ್ಸರ್ ನಿಜವೇ. ಎರಡಕ್ಕೂ ಉತ್ತರ ಬೇರೆ ಬೇರೆ. ಅದಕ್ಕೂ ಮೊದಲು ಈ ವಸ್ತು ಮಾಡುವ ಕೆಲಸ ಏನೆಂದು ಹೇಳಿಬಿಡುತ್ತೇನೆ.

ಹಾಲನ್ನೇ ನೋಡಿ. ಅದರಲ್ಲಿ ಕೊಬ್ಬಿನ ಸಣ್ಣ ಹನಿಗಳು ನೀರಿನಲ್ಲಿ ತೇಲುತ್ತಿವೆ. ಪ್ರತಿ ಹನಿಯ ಸುತ್ತ ತೆಳುವಾದ ಪೊರೆ ಇರುವುದರಿಂದ ಹನಿಗಳು ಒಂದಕ್ಕೊಂದು ಅಂಟಿ ಒಂದಾಗುವುದಿಲ್ಲ. ಕಡೆಗೋಲು ಹಾಕಿ ಕಡೆದಾಗ ಆ ಪೊರೆ ಹರಿದು ಹನಿಗಳು ಒಟ್ಟುಗೂಡುತ್ತವೆ. ಬೆಣ್ಣೆ ಬರುತ್ತದೆ, ಅಂದರೆ ಲೆಕ್ಕ ತಿರುಗಾಮುರುಗಾ: ಈಗ ಕೊಬ್ಬಿನೊಳಗೆ ನೀರಿನ ಹನಿ. ಬೆಣ್ಣೆಯಲ್ಲಿ ಶೇಕಡ 16ರವರೆಗೂ ನೀರಿರಬಹುದು, ಆದರೂ ಕೈಗೆ ಜಿಡ್ಡೇ ಹತ್ತುವುದು. ನಿಮಗೆ ಬೇಕಾಗಿರುವ ಬೇಗ ಇಂಗುವ ಕ್ರೀಮು ಹಾಲಿನ ಜಾತಿಯದ್ದು, ಬೆಣ್ಣೆ ಜಾತಿಯದ್ದಲ್ಲ.

ಆ ಪೊರೆಯ ಕೆಲಸ ಮಾಡುವುದೇ ಎಮಲ್ಸಿಫೈಯರ್. ಅದರ ಅಣುವಿಗೆ ಒಂದು ತುದಿ ನೀರಿಗೆ ಒಗ್ಗುತ್ತದೆ, ಇನ್ನೊಂದು ತುದಿ ಎಣ್ಣೆಗೆ. ಎಣ್ಣೆ ಹನಿಯೊಳಗೆ ಬಾಲ ನೆಟ್ಟು, ತಲೆಯನ್ನು ನೀರಿನ ಕಡೆ ಚಾಚಿ ನಿಲ್ಲುತ್ತದೆ. ನೀರಿಗೆ ಎಷ್ಟು ಒಲವು, ಎಣ್ಣೆಗೆ ಎಷ್ಟು ಎಂಬುದನ್ನು ಅಂಕಿಯಲ್ಲಿ ಹೇಳುವ ಕ್ರಮವನ್ನು 1949ರಲ್ಲಿ ಗ್ರಿಫಿನ್ ಎಂಬ ವಿಜ್ಞಾನಿ ಕೊಟ್ಟರು, ಎಚ್‌ಎಲ್‌ಬಿ ಅಂತ ಕರೆಯುತ್ತೇವೆ. 3ರಿಂದ 6 ಇದ್ದರೆ ಬೆಣ್ಣೆ ಜಾತಿಯ ಕ್ರೀಮು, 8ಕ್ಕಿಂತ ಮೇಲಿದ್ದರೆ ಹಾಲಿನ ಜಾತಿಯದು. ಜೇನುಮೇಣ ಒಂದೇ ಆದರೆ ನೀರು ಎಣ್ಣೆಗಳನ್ನು ಸರಿಯಾಗಿ ಹಿಡಿದಿಡುವುದಿಲ್ಲ. ಅದು ಗಟ್ಟಿ ಮಾಡುವ ವಸ್ತು. ನೆಟ್‌ನಲ್ಲಿ ನೈಸರ್ಗಿಕ ಎಮಲ್ಸಿಫೈಯರ್ ಅಂತ ಎಲ್ಲರೂ ಬರೆಯುತ್ತಾರೆ, ನಿಮ್ಮ ಮೊದಲ ಡಬ್ಬಿ ಒಡೆದದ್ದು ಅದಕ್ಕೇ.

ಈಗ ಮುಖ್ಯ ಮಾತು. ಎಮಲ್ಸಿಫೈಯಿಂಗ್ ವ್ಯಾಕ್ಸ್ ಎಂಬುದು ಒಂದು ವಸ್ತುವಿನ ಹೆಸರಲ್ಲ. ಬ್ರಿಟಿಷ್ ಔಷಧಸಂಹಿತೆಯ ಪ್ರಕಾರ ಅದು 90 ಭಾಗ ಸೆಟೋಸ್ಟಿಯರಿಲ್ ಆಲ್ಕೋಹಾಲ್ ಎಂಬ ಮೇಣದಂಥ ವಸ್ತು ಮತ್ತು 10 ಭಾಗ ಸೋಡಿಯಂ ಲಾರಿಲ್ ಸಲ್ಫೇಟ್ ಎಂಬ, ಶಾಂಪೂವಿಗೂ ಹಾಕುವ ಎಮಲ್ಸಿಫೈಯರ್. ಅಮೆರಿಕದ ಪದ್ಧತಿಯಲ್ಲಿ ಅದೇ ಸೆಟೋಸ್ಟಿಯರಿಲ್ ಆಲ್ಕೋಹಾಲ್ ಜೊತೆ ಪಾಲಿಸಾರ್ಬೇಟ್ 60 ಎಂಬ ಇನ್ನೊಂದು ಎಮಲ್ಸಿಫೈಯರ್. ಎರಡೂ ಬಿಳಿ ಚಕ್ಕೆ, ನೋಡಿದರೆ ವ್ಯತ್ಯಾಸ ಗೊತ್ತಾಗುವುದಿಲ್ಲ. ನಿಮ್ಮದು ಯಾವುದು? ಅಂಗಡಿಯವರಿಂದ ವಿವರಪಟ್ಟಿ ಕೇಳಿ ಪಡೆಯಿರಿ. ಜೊತೆಗೆ 100 ಗ್ರಾಂ ಕ್ರೀಮಿಗೆ ಎಷ್ಟು ಗ್ರಾಂ ಹಾಕಿದಿರಿ ಎಂದೂ ತಿಳಿಸಿ. ಅಲ್ಲಿಯವರೆಗೆ ಯಾರೂ ಹಚ್ಚಬೇಡಿ. ಸಿಪ್ಪೆ ಎದ್ದಿರುವವರು ಜಿಲ್ಲಾ ಆಸ್ಪತ್ರೆಯ ಚರ್ಮರೋಗ ವಿಭಾಗಕ್ಕೆ ತೋರಿಸಲಿ, ಡಬ್ಬಿಯನ್ನೂ ಒಯ್ಯಲಿ.

ಮಧುಗಿರಿ_ಮಗಳು

ನಮ್ಮಮ್ಮನಿಗೆ ಸ್ತನ ಕ್ಯಾನ್ಸರ್ ಆಗಿ ಚಿಕಿತ್ಸೆ ಮುಗಿದು ಮೂರು ವರ್ಷ. ಅವತ್ತಿನಿಂದ ಮನೆಗೆ ಬರೋ ಒಂದೊಂದು ಡಬ್ಬಿಯ ಹಿಂದೆ ಬರೆದಿರೋದನ್ನೂ ಓದ್ತೀನಿ. ಪಿಇಜಿ, ಪಾಲಿಸಾರ್ಬೇಟ್, ಹೆಸರಿನ ಕೊನೆಗೆ ‘ಎತ್’ ಅಂತ ಬರೋದೆಲ್ಲ ಬಿಟ್ಟಿದ್ದೀನಿ. ಅದರಲ್ಲಿ ಡಯಾಕ್ಸೇನ್ ಇರುತ್ತೆ ಅಂತ ಓದಿದ್ದೆ. ಭಾವನವರ ಸಂದೇಶ ಪೂರ್ತಿ ಸುಳ್ಳು ಅನ್ನಕ್ಕೆ ನನಗೆ ಮನಸ್ಸು ಬರ್ತಿಲ್ಲ.

ಪ್ರಯೋಗಾಲಯ_ಶಿರಾ

ಮಧುಗಿರಿ ಮೇಡಂ, ನಿಮ್ಮ ಹೆದರಿಕೆಗೆ ಬೇರು ಇದೆ. ನಾನು ಪಿಯು ಕಾಲೇಜಿನಲ್ಲಿ ರಸಾಯನಶಾಸ್ತ್ರ ಹೇಳಿಕೊಡುವವನು, ಗೊತ್ತಿರುವಷ್ಟು ಬಿಡಿಸಿ ಹೇಳುತ್ತೇನೆ.

ಪಾಲಿಸಾರ್ಬೇಟ್ ತಯಾರಾಗುವುದು ಹೀಗೆ: ಸಕ್ಕರೆ ಬಳಗದ ಸಾರ್ಬಿಟಾಲ್‌ನಿಂದ ಸಾರ್ಬಿಟಾನ್, ಅದಕ್ಕೆ ಎಣ್ಣೆಯ ಕೊಬ್ಬಿನಾಮ್ಲ, ಆಮೇಲೆ ಎಥಿಲೀನ್ ಆಕ್ಸೈಡ್‌ನ ಸುಮಾರು 20 ಕೊಂಡಿಗಳು. ಈ ಕೊನೆಯ ಹೆಜ್ಜೆಯಿಂದಲೇ ಅದಕ್ಕೆ ನೀರಿನ ಒಲವು ಬರುವುದು. ಈ ಕೊಂಡಿಗಳ ಸರಪಣಿಯನ್ನೇ ಪಿಇಜಿ ಅನ್ನುವುದು. ಎಥಿಲೀನ್ ಆಕ್ಸೈಡ್ ಅನಿಲ ಮನುಷ್ಯರಿಗೆ ಕ್ಯಾನ್ಸರ್‌ಕಾರಕ, ಅದರಲ್ಲಿ ಅನುಮಾನವಿಲ್ಲ. ಕೊಂಡಿ ಹಾಕುವಾಗ 1,4-ಡಯಾಕ್ಸೇನ್ ಎಂಬ ಉಪವಸ್ತುವೂ ಸ್ವಲ್ಪ ಹುಟ್ಟುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಅಂಗ ಅದನ್ನು ‘ಬಹುಶಃ ಕ್ಯಾನ್ಸರ್ ತರಬಹುದಾದ’ 2ಬಿ ಗುಂಪಿನಲ್ಲಿ ಇಟ್ಟಿದೆ. ಅಂದರೆ ಆಪಾದನೆ ಇರುವುದು ಪಾಲಿಸಾರ್ಬೇಟ್ ಮೇಲಲ್ಲ, ಅದರ ಜೊತೆ ಉಳಿದುಬಿಡಬಹುದಾದ ಕಲ್ಮಶದ ಮೇಲೆ. ನಿರ್ವಾತದಲ್ಲಿ ಆವಿ ಎಳೆದು ಆ ಕಲ್ಮಶ ತೆಗೆಯುವ ವಿಧಾನ ಕಾರ್ಖಾನೆಗಳಲ್ಲಿ ಹಳೆಯದೇ. ಸಿದ್ಧವಾದ ಕ್ರೀಮಿನಲ್ಲಿ 10 ಪಿಪಿಎಂ, ಅಂದರೆ ಒಂದು ಕೆಜಿಗೆ 10 ಮಿಲಿಗ್ರಾಂ ಮೀರದಿದ್ದರೆ ಸುರಕ್ಷಿತ ಎಂದು ಐರೋಪ್ಯ ಒಕ್ಕೂಟದ ವೈಜ್ಞಾನಿಕ ಸಮಿತಿ 2015ರಲ್ಲಿ ಹೇಳಿದೆ. ಆದ್ದರಿಂದ ಕೇಳಬೇಕಾದ ಪ್ರಶ್ನೆ ಪಿಇಜಿ ಇದೆಯಾ ಎಂಬುದಲ್ಲ, ಡಯಾಕ್ಸೇನ್ ಎಷ್ಟಿದೆ ಎಂಬುದು. ಬೆಲೆ ಕಡಿಮೆ ಅಂತ ಹೆಸರಿಲ್ಲದ ಚೀಲದಿಂದ ಕಟ್ಟಿಕೊಟ್ಟದ್ದಕ್ಕೆ ಈ ಲೆಕ್ಕ ಯಾರೂ ಕೊಡುವುದಿಲ್ಲ. ನನಗೆ ನಿಜವಾದ ಚಿಂತೆ ಅಲ್ಲಿದೆ.

ಪಾಲಿಸಾರ್ಬೇಟ್ 80 ಐಸ್‌ಕ್ರೀಮಿನಲ್ಲೂ ಇರುತ್ತದೆ, ಕೆಲವು ಲಸಿಕೆಗಳಲ್ಲೂ ಇದೆ. ಇನ್ನು ಪಿಇಜಿ ಬಗ್ಗೆ ಒಂದು ಹಳೆಯ ಎಚ್ಚರಿಕೆ ಉಂಟು: ಮೈಯ ಹೆಚ್ಚು ಭಾಗ ಸುಟ್ಟುಹೋದ ರೋಗಿಗಳಿಗೆ ಪಿಇಜಿಯನ್ನೇ ತಳಹದಿಯಾಗಿಟ್ಟ ಮುಲಾಮು ಬಳಿದಾಗ ಮೂತ್ರಪಿಂಡಕ್ಕೆ ಪೆಟ್ಟಾದ ವರದಿಗಳು 1980ರ ದಶಕದಲ್ಲಿ ಬಂದಿದ್ದವು. ಬೆರಳಿಗೆ ಹಚ್ಚುವ ಕ್ರೀಮಿನಲ್ಲಿ ಒಂದೆರಡು ಗ್ರಾಂ ಪಾಲಿಸಾರ್ಬೇಟ್ ಇರುವುದಕ್ಕೂ ಅದಕ್ಕೂ ಹೋಲಿಕೆ ಇಲ್ಲ. ಆದರೂ ಸೀಳಿದ ಚರ್ಮ ಗಟ್ಟಿ ಚರ್ಮದ ಹಾಗೆ ತಡೆಯುವುದಿಲ್ಲ ಎಂಬುದು ಎಲ್ಲದಕ್ಕೂ ಅನ್ವಯಿಸುತ್ತದೆ.

ಮಧುಗಿರಿ_ಮಗಳು

ಇಷ್ಟು ಬಿಡಿಸಿ ಯಾರೂ ಹೇಳಿರಲಿಲ್ಲ ಸರ್. ಅಮ್ಮನ ವಿಷಯದಲ್ಲಿ ನಾನು ಬಿಟ್ಟದ್ದನ್ನ ಬಿಟ್ಟೇ ಇರ್ತೀನಿ, ಅದು ನನ್ನ ನೆಮ್ಮದಿಗೆ. ಆದ್ರೆ ಇನ್ನೊಬ್ಬರಿಗೆ ಆ ಸಂದೇಶ ಕಳಿಸಲ್ಲ.

ಕುಣಿಗಲ್_ಕೆರೆ

ಇನ್ನೊಂದು ಸಾಧ್ಯತೆ ಹೇಳ್ತೀನಿ. ನಮ್ಮ ತಂದೆಗೆ ಕಾಲಿನ ರಕ್ತನಾಳದ ತೊಂದರೆಯಿಂದ ಹುಣ್ಣಾಗಿ ವರ್ಷಗಟ್ಟಲೆ ಮುಲಾಮು ಹಚ್ಚಿದ್ವಿ. ಯಾವ ಮುಲಾಮು ಹಚ್ಚಿದ್ರೂ ಸುತ್ತಲಿನ ಚರ್ಮ ಕೆಂಪಾಗ್ತಿತ್ತು. ಕೊನೆಗೆ ಬೆನ್ನಿಗೆ ಪಟ್ಟಿ ಅಂಟಿಸಿ ಮಾಡೋ ಪ್ಯಾಚ್ ಪರೀಕ್ಷೆಯಲ್ಲಿ ಗೊತ್ತಾಗಿದ್ದು, ಅಲರ್ಜಿ ಔಷಧಿಗಲ್ಲ, ಸೆಟೋಸ್ಟಿಯರಿಲ್ ಆಲ್ಕೋಹಾಲಿಗೆ. ಇದು ಅಪರೂಪ, ಆದ್ರೆ ಕಾಲಿನ ಹುಣ್ಣಿರೋರಲ್ಲಿ ಕಾಣ್ತೀವಿ ಅಂತ ಡಾಕ್ಟರ್ ಹೇಳಿದ್ರು. ಹೆಸರಲ್ಲಿ ಆಲ್ಕೋಹಾಲ್ ಇದ್ರೂ ಅದು ಸ್ಪಿರಿಟ್ ಅಲ್ಲ, ಮೇಣದ ಥರ ಗಟ್ಟಿ, ಚರ್ಮ ಒಣಗಿಸಲ್ಲ ಅಂತಲೂ ಅವರೇ ತಿಳಿಸಿದ್ರು.

ಆದ್ರೆ ಆರು ಜನರಲ್ಲಿ ನಾಲ್ಕು ಜನರಿಗೆ ಒಟ್ಟಿಗೆ ಉರಿ ಅಂದ್ರೆ ಅಲರ್ಜಿ ಅನ್ನಿಸ್ತಿಲ್ಲ ನನಗೆ.

ಹುಣಸೆತೋಪು (ಗುಬ್ಬಿ ತಾಲೂಕು)

ನಾಲ್ಕು ಸಲ ಫೋನ್ ಮಾಡಿದ ಮೇಲೆ ಅಂಗಡಿಯವರು ವಿವರಪಟ್ಟಿಯ ಫೋಟೋ ಕಳಿಸಿದ್ರು. ಸೆಟೋಸ್ಟಿಯರಿಲ್ ಆಲ್ಕೋಹಾಲ್, ಸೋಡಿಯಂ ಲಾರಿಲ್ ಸಲ್ಫೇಟ್. ಅಷ್ಟೇ ಎರಡು. ಪಿಇಜಿ ಇಲ್ಲವೇ ಇಲ್ಲ! ಅಳತೆ: 100 ಗ್ರಾಂ ಕ್ರೀಮಿಗೆ 12 ಗ್ರಾಂ ಹಾಕಿದ್ದೆ. ಮೊದಲ ಸಲ ಒಡೆದ ಭಯಕ್ಕೆ ಹೆಚ್ಚೇ ಇರಲಿ ಅಂತ.

ಔಷಧ_ಪಾಠ (ತುಮಕೂರು)

ಹಾಗಾದರೆ ಉರಿಗೆ ಕಾರಣ ಬಹುಮಟ್ಟಿಗೆ ಸಿಕ್ಕಿತು. 12 ಗ್ರಾಂ ಮೇಣದಲ್ಲಿ ಹತ್ತನೇ ಒಂದು ಭಾಗ, ಅಂದರೆ 1.2 ಗ್ರಾಂ ಸೋಡಿಯಂ ಲಾರಿಲ್ ಸಲ್ಫೇಟ್. ಹಚ್ಚಿ ಬಿಡುವ ವಸ್ತುಗಳಲ್ಲಿ ಇದು ಶೇಕಡ 1 ಮೀರಬಾರದು ಎಂಬುದು ಅಮೆರಿಕದ ಸೌಂದರ್ಯವರ್ಧಕ ಘಟಕಗಳ ತಜ್ಞ ಸಮಿತಿಯ ಹಳೆಯ ಸಲಹೆ. ಚರ್ಮ ಗಟ್ಟಿಯಾಗಿದ್ದವರಿಗೂ ಅಷ್ಟೇ ಮಿತಿ. ನಿಮ್ಮವರದ್ದು ಹುಳಿಯಲ್ಲಿ ನೆನೆದು ಸೀಳಿದ ಚರ್ಮ.

ಇದು ನಿಮ್ಮೊಬ್ಬರಿಗೆ ಆದ ಅನುಭವವಲ್ಲ. ಬ್ರಿಟನ್ನಿನಲ್ಲಿ ಆಕ್ವಿಯಸ್ ಕ್ರೀಮ್ ಅಂತ ಒಂದಿದೆ, ಇಸುಬು ಇರುವ ಮಕ್ಕಳಿಗೆ ದಶಕಗಟ್ಟಲೆ ಬರೆದುಕೊಟ್ಟರು. ಅದರಲ್ಲಿ ಇದೇ ಮೇಣ ಶೇಕಡ 9, ಅಂದರೆ ಸಲ್ಫೇಟು ಸುಮಾರು 0.9. ಹಚ್ಚಿ ಬಿಟ್ಟರೆ ಉರಿ, ಕೆಂಪು, ಮಕ್ಕಳಲ್ಲಂತೂ ಹೆಚ್ಚು. 2013ರಲ್ಲಿ ಅಲ್ಲಿನ ಔಷಧ ನಿಯಂತ್ರಣ ಸಂಸ್ಥೆ ಈ ಬಗ್ಗೆ ಎಚ್ಚರಿಕೆ ಹೊರಡಿಸಿತು. ನಿಮ್ಮ ಡಬ್ಬಿಯಲ್ಲಿದ್ದದ್ದು ಅದಕ್ಕಿಂತ ಜಾಸ್ತಿ.

ಸಲ್ಫೇಟು ಚರ್ಮದ ಮೇಲ್ಪದರದ ಕೊಬ್ಬನ್ನೂ ಕರಗಿಸುತ್ತದೆ, ಪ್ರೋಟೀನನ್ನೂ ಕೆಡಿಸುತ್ತದೆ. ಚರ್ಮ ಎಷ್ಟು ಸೂಕ್ಷ್ಮ ಎಂದು ಅಳೆಯುವ ಸಂಶೋಧನೆಗಳಲ್ಲಿ ಬೇಕೆಂದೇ ಕೆರಳಿಸಲು ಬಳಸುವ ವಸ್ತುವೇ ಇದು. ಶಾಂಪೂವಿನಲ್ಲಾದರೆ ಎರಡು ನಿಮಿಷಕ್ಕೆ ತೊಳೆದುಹೋಗುತ್ತದೆ, ಕ್ರೀಮಿನಲ್ಲಿ ಅಲ್ಲೇ ಕೂರುತ್ತದೆ.

ನೊಂದುಕೊಳ್ಳಬೇಡಿ. ಕೇಳಿ, ಅಳತೆ ಬರೆದಿಟ್ಟು, ಪಟ್ಟಿ ತರಿಸಿದಿರಲ್ಲ, ಅದರಿಂದಲೇ ಇದು ಗೊತ್ತಾದದ್ದು.

ಗಾಣದಮನೆ (ತಿಪಟೂರು)

ಲಾರಿಲ್ ಅನ್ನೋದು ನಮ್ಮ ಕೊಬ್ಬರಿಯ ಲಾರಿಕ್ ಆಮ್ಲಕ್ಕೆ ಸಂಬಂಧಪಟ್ಟಿದ್ದಾ?

ಪ್ರಯೋಗಾಲಯ_ಶಿರಾ

ಹೌದು ಅಣ್ಣ. ಕೊಬ್ಬರಿ ಎಣ್ಣೆಯ ಹೆಚ್ಚುಕಡಿಮೆ ಅರ್ಧ ಭಾಗ ಲಾರಿಕ್ ಆಮ್ಲವೇ. ತೆಂಗು ಅಥವಾ ತಾಳೆ ಬೀಜದ ಎಣ್ಣೆಯಿಂದ ಲಾರಿಲ್ ಆಲ್ಕೋಹಾಲ್, ಅದರಿಂದ ಈ ಸಲ್ಫೇಟು. ಹಾಗಾಗಿ ತೆಂಗಿನಿಂದ ತಯಾರಾದದ್ದು ಎಂದು ಅಂಗಡಿಯವರು ಬರೆದರೆ ಸುಳ್ಳಾಗುವುದಿಲ್ಲ. ಕೈಗೆ ಮೃದುವೋ ಅಲ್ಲವೋ ಎಂಬುದು ಆ ಸಾಲಿನಿಂದ ಗೊತ್ತಾಗುವುದಿಲ್ಲ, ಅಷ್ಟೇ.

ಪಾವಗಡ_ಬಿಸಿಲು

ಇಷ್ಟೆಲ್ಲ ಕಷ್ಟ ಯಾಕೆ? ನಮ್ಮ ದೊಡ್ಡಮ್ಮ ಜೇನುಮೇಣ, ಎಣ್ಣೆ, ನೀರಿಗೆ ಒಂದು ಚಿಟಿಕೆ ಬಿಳಿಗಾರ ಹಾಕಿ ಕ್ರೀಮ್ ಮಾಡ್ತಿದ್ರು. ಹಾಲಿನಷ್ಟು ಬೆಳ್ಳಗೆ ಬರ್ತಿತ್ತು.

ಔಷಧ_ಪಾಠ (ತುಮಕೂರು)

ಬಂದೇ ಬರುತ್ತದೆ. ಜೇನುಮೇಣದಲ್ಲಿರುವ ಆಮ್ಲದ ಜೊತೆ ಬಿಳಿಗಾರ ಸೇರಿ ಒಂದು ಬಗೆಯ ಸೋಪಾಗುತ್ತದೆ, ಆ ಸೋಪೇ ಎಮಲ್ಸಿಫೈಯರ್. ಹಳೆಯ ಕೋಲ್ಡ್ ಕ್ರೀಮಿನ ರಹಸ್ಯ ಅದೇ. ಆದರೆ ಬಿಳಿಗಾರದ ಬೋರಾನ್ ಸೀಳಿದ ಚರ್ಮದ ಮೂಲಕ ರಕ್ತಕ್ಕೆ ಹೋಗುತ್ತದೆ. ಐರೋಪ್ಯ ಒಕ್ಕೂಟ ಬಿಳಿಗಾರವನ್ನು ಸಂತಾನಶಕ್ತಿಗೂ ಗರ್ಭದ ಮಗುವಿಗೂ ಹಾನಿಕರವಾಗಬಹುದಾದ ವಸ್ತುಗಳ ಸಾಲಿನಲ್ಲಿ ಇಟ್ಟಿದೆ. ಹುಣಸೆ ಬಿಡಿಸುವವರಲ್ಲಿ ಬಸುರಿ ಹೆಂಗಸರೂ ಇರುತ್ತಾರೆ. ಈ ಕೈಗಳಿಗೆ ಅದು ಬೇಡವೇ ಬೇಡ.

ಇನ್ನೊಂದು: ಸೋಪಿನಿಂದ ಹಿಡಿದಿಟ್ಟ ಕ್ರೀಮು ನಮ್ಮ ಜಿಲ್ಲೆಯ ಬೋರ್‌ವೆಲ್ ನೀರಿಗೆ ಒಡೆಯುತ್ತದೆ. ಗಡಸು ನೀರಿನ ಕ್ಯಾಲ್ಸಿಯಂ ಸೋಪನ್ನು ಗಸಿ ಮಾಡಿಬಿಡುತ್ತದೆ, ಬಟ್ಟೆ ಒಗೆಯುವಾಗ ನೊರೆ ಬರುವುದಿಲ್ಲವಲ್ಲ, ಅದೇ ಕಥೆ. ಪಾಲಿಸಾರ್ಬೇಟ್ ಜಾತಿಗೆ ವಿದ್ಯುದಂಶ ಇಲ್ಲದ ಕಾರಣ ಅದಕ್ಕೆ ಆ ಕಾಟ ಕಡಿಮೆ. ಆದರೂ ಡಿಸ್ಟಿಲ್ಡ್ ವಾಟರೇ ಬಳಸಿ.

ಕೊರಟಗೆರೆ_ಕೈತೋಟ

ಎಮಲ್ಸಿಫೈಯರ್ ಬಗ್ಗೆ ಎಲ್ಲರೂ ಹೇಳಿದ್ರಿ, ನಾನು ನೀರಿನ ಬಗ್ಗೆ ಹೇಳ್ತೀನಿ. ಹೋದ ವರ್ಷ ತೋಟದ ಲೋಳೆಸರ ಹಾಕಿ ಕ್ರೀಮ್ ಮಾಡಿ ಅಕ್ಕನ ಮಗಳಿಗೆ ಕೊಟ್ಟೆ. ಕೆಡದಿರಲಿ ಅಂತ ವಿಟಮಿನ್ ಇ ಮಾತ್ರೆ ಒಡೆದು ಹಾಕಿದ್ದೆ. ಹತ್ತನೇ ದಿನಕ್ಕೆ ಮುಚ್ಚಳದ ಒಳಗೆ ಕಪ್ಪು ಬೂಸಲು. ಮಗು ಅದನ್ನೇ ಮುಖಕ್ಕೆ ಹಚ್ಚಿಕೊಂಡಿತ್ತು, ಇವತ್ತಿಗೂ ನೆನೆಸಿಕೊಂಡ್ರೆ ಎದೆ ಝಲ್ ಅನ್ನುತ್ತೆ. ವಿಟಮಿನ್ ಇ ಎಣ್ಣೆ ಕಮಟಾಗದ ಹಾಗೆ ನೋಡುತ್ತೆ ಅಷ್ಟೇ, ಬೂಸಲು ತಡೆಯಲ್ಲ. ಆಮೇಲೆ ಕಲಿತದ್ದು.

ಹುಣಸೆತೋಪು ಅಕ್ಕಾ, ನಿಮ್ಮ ಎರಡನೇ ಕ್ರೀಮಿಗೆ ಕೆಡದಿರೋಕೆ ಏನು ಹಾಕಿದ್ರಿ?

ಹುಣಸೆತೋಪು (ಗುಬ್ಬಿ ತಾಲೂಕು)

ಏನೂ ಹಾಕಿಲ್ಲ. ಮೇಣ ಹಾಕಿದ್ರೆ ಸಾಕು ಅಂದ್ಕೊಂಡಿದ್ದೆ. ಇವತ್ತೇ ಎಲ್ಲರ ಮನೆಯಿಂದ ಡಬ್ಬಿ ವಾಪಸ್ ತರ್ತೀನಿ.

ಔಷಧ_ಪಾಠ (ತುಮಕೂರು)

ತನ್ನಿ. ನನ್ನನ್ನು ಕೇಳಿದರೆ ಇಡೀ ಚರ್ಚೆಯಲ್ಲಿ ಅತಿ ದೊಡ್ಡ ಅಪಾಯ ಇದೇ. ಎಣ್ಣೆ, ಮೇಣ ಮಾತ್ರ ಇದ್ದಾಗ ಬ್ಯಾಕ್ಟೀರಿಯಾ ಬೆಳೆಯುವುದು ಕಷ್ಟ. ಎಮಲ್ಸಿಫೈಯರ್ ಬಂದ ಕೂಡಲೇ ಮುಕ್ಕಾಲು ಪಾಲು ನೀರಿಗೆ ಜಾಗವಾಯಿತು, ಅದರ ಜೊತೆಗೆ ಸೂಕ್ಷ್ಮಜೀವಿಗೂ. ಕಣ್ಣಿಗೆ ಕಾಣುವ ಮೊದಲೇ ಅವು ಲಕ್ಷಗಟ್ಟಲೆ ಇರುತ್ತವೆ, ಹಚ್ಚುವುದು ತೆರೆದ ಸೀಳಿಗೆ.

ಮನೆಬಳಕೆಗೆ ಮಾಡುವುದಾದರೆ 100 ಗ್ರಾಮಿಗೆ ಈ ಲೆಕ್ಕ ಪ್ರಯತ್ನಿಸಿ: ನೀರು 72, ಗ್ಲಿಸರಿನ್ 5, ಕೊಬ್ಬರಿ ಎಣ್ಣೆ 15, ಪಾಲಿಸಾರ್ಬೇಟ್ 60 ಜಾತಿಯ ಮೇಣ 5, ಸೆಟೈಲ್ ಆಲ್ಕೋಹಾಲ್ 2, ಫೀನಾಕ್ಸಿಎಥನಾಲ್ ಇರುವ ಸಂರಕ್ಷಕ 1. ಚಮಚದ ಅಳತೆ ಬೇಡ, ತೂಕದ ಯಂತ್ರ ಬೇಕು. ಎಣ್ಣೆಯ ಪಾಲು ಒಂದು ಪಾತ್ರೆ, ನೀರಿನ ಪಾಲು ಇನ್ನೊಂದು, ಎರಡನ್ನೂ ಬಿಸಿನೀರಿನ ಪಾತ್ರೆಯಲ್ಲಿ ಇಳಿಸಿ 70ರಿಂದ 75 ಡಿಗ್ರಿಗೆ ತನ್ನಿ. ಒಂದು ತಣ್ಣಗೆ ಒಂದು ಬಿಸಿ ಇದ್ದರೆ ಮೇಣ ಗಂಟಾಗುತ್ತದೆ. ಸೇರಿಸಿ ಹ್ಯಾಂಡ್ ಬ್ಲೆಂಡರಿನಲ್ಲಿ ಎರಡು ಮೂರು ನಿಮಿಷ ಕಡೆಯಿರಿ, ಆರುವವರೆಗೂ ಕೈಯಾಡಿಸುತ್ತಿರಿ. 45 ಡಿಗ್ರಿಗೆ ಇಳಿದ ಮೇಲೆ ಸಂರಕ್ಷಕ. ಪ್ಯಾರಾಬೆನ್ ಎಂಬ ಸಂರಕ್ಷಕ ಹಾಕುವ ಯೋಚನೆ ಇದ್ದರೆ ಒಂದು ಮಾತು: ಪಾಲಿಸಾರ್ಬೇಟ್ ಅದನ್ನು ತನ್ನೊಳಗೆ ಸೆಳೆದುಕೊಂಡು ಬಲ ಕುಂದಿಸುತ್ತದೆ.

ಹಚ್ಚುವ ಮುಂಚೆ ಮೊಣಕೈ ಒಳಗಡೆ ಸೀಳಿಲ್ಲದ ಚರ್ಮಕ್ಕೆ ದಿನಕ್ಕೆರಡು ಸಲದಂತೆ ಒಂದು ವಾರ ಹಚ್ಚಿ ನೋಡಿ. ಆಳವಾದ ಸೀಳಿಗೆ ಹಗಲಲ್ಲೂ ಬರೀ ಎಣ್ಣೆ ಮೇಣದ ಮುಲಾಮೇ ಒಳ್ಳೆಯದು. ನಿಮ್ಮ ಸೋಪನ್ನೂ ಅನುಮಾನಿಸಿ. ಹುಣಸೆ ಹುಳಿಯ ಪಿಎಚ್ (ಹುಳಿ, ಕ್ಷಾರದ ಅಳತೆ) 3ರ ಆಸುಪಾಸು, ಮನೆ ಸೋಪಿನದು 9ರಿಂದ 10, ಚರ್ಮ ಇರಬಯಸುವುದು 5ರ ಹತ್ತಿರ. ದಿನಕ್ಕೆ ಆರೇಳು ಸಲ ಆ ತುದಿಯಿಂದ ಈ ತುದಿಗೆ ಎಳೆದಾಡಿದರೆ ಯಾವ ಕ್ರೀಮೂ ಸಾಲದು.

ಪ್ರಯೋಗಾಲಯ_ಶಿರಾ

ಮಾರುವ ಯೋಚನೆ ಇದ್ದರೆ ಈಗಲೇ ತಿಳಿದಿರಲಿ. 1940ರ ಔಷಧ ಮತ್ತು ಸೌಂದರ್ಯವರ್ಧಕ ಕಾಯ್ದೆ, 2020ರ ಸೌಂದರ್ಯವರ್ಧಕ ನಿಯಮಗಳ ಪ್ರಕಾರ ಮಾರಾಟಕ್ಕೆ ಕ್ರೀಮು ತಯಾರಿಸಲು ರಾಜ್ಯದ ಔಷಧ ನಿಯಂತ್ರಣ ಇಲಾಖೆಯ ಪರವಾನಗಿ ಬೇಕು. ಸೋಪಿಗೂ ಅನ್ವಯಿಸುತ್ತದೆ, 1982ರ ತಿದ್ದುಪಡಿಯಲ್ಲಿ ಸೋಪಿಗಿದ್ದ ವಿನಾಯಿತಿ ತೆಗೆದುಹಾಕಿದರು. ಪೊಟ್ಟಣದ ಮೇಲೆ ಸಸ್ಯಮೂಲ, ಪ್ರಾಣಿಮೂಲ ತೋರಿಸುವ ಹಸಿರು ಅಥವಾ ಕಂದು ಚುಕ್ಕೆ ಹಾಕುವುದಾದರೆ, ಮೇಣದಲ್ಲಿರುವ ಸ್ಟಿಯರಿಕ್ ಭಾಗ ತಾಳೆಯಿಂದ ಬಂದದ್ದೋ ಪ್ರಾಣಿ ಕೊಬ್ಬಿನದೋ ಎಂದು ಅಂಗಡಿಯವರನ್ನು ಬರವಣಿಗೆಯಲ್ಲಿ ಕೇಳಿ.

ಹುಣಸೆತೋಪು (ಗುಬ್ಬಿ ತಾಲೂಕು)

ಮೂರು ವಾರ ಆಯ್ತು, ಹೇಳದೆ ಇರಬಾರದು ಅಂತ ಬರೀತಿದ್ದೀನಿ.

ಹಳೇದೆಲ್ಲ ಗುಂಡಿ ತೋಡಿ ಮುಚ್ಚಿದೆ. ಸಿಪ್ಪೆ ಎದ್ದಿದ್ದ ನಮ್ಮ ಓರಗಿತ್ತಿಯನ್ನ ಆಸ್ಪತ್ರೆಗೆ ಕರ್ಕೊಂಡು ಹೋಗಿದ್ದೆ. ಅಲರ್ಜಿ ಅಲ್ಲ, ಕೆರಳಿರೋದು ಅಂದ್ರು, ಒಂದು ವಾರ ಕೆಲಸ ಬಿಡಿಸಿದ್ರು. ಆ ವಾರದ ಕೂಲಿ ಸಂಘದಿಂದ ಕೊಟ್ವಿ, ಅವಳು ಬೇಡ ಅಂದ್ರೂ.

ಕೊಳ್ಳೋಕೆ ಮುಂಚೆಯೇ ವಿವರಪಟ್ಟಿ ಕೊಟ್ಟವರ ಹತ್ರ ಹೊಸ ಮೇಣ ತಗೊಂಡೆ. ಔಷಧ_ಪಾಠ ಮೇಡಂ ಹೇಳಿದ ಅಳತೆಯಲ್ಲೇ ಮಾಡಿದೆ. ಮೊದಲು ನನ್ನ ಮೊಣಕೈಗೆ ಒಂದು ವಾರ, ಆಮೇಲೆ ಉಳಿದವರಿಗೆ. ಐದು ಜನರಿಗೆ ಉರಿ ಇಲ್ಲ. ಒಬ್ಬರಿಗೆ ಆಳವಾದ ಸೀಳಿರೋ ಹೆಬ್ಬೆರಳಲ್ಲಿ ಮಾತ್ರ ಚುರ್ ಅಂತದೆ, ಅಲ್ಲಿಗೆ ಮೇಣದ ಮುಲಾಮು ಹಚ್ಚಿ ಬಟ್ಟೆ ಸುತ್ತಿದ್ದೀವಿ. ಮಧ್ಯಾಹ್ನ ಸೋಪು ಬಿಟ್ಟು ಬರೀ ನೀರಲ್ಲಿ ಕೈ ತೊಳೀತಿದ್ದೀವಿ, ಅದರಿಂದಲೇ ಅರ್ಧ ಗುಣ ಕಂಡಿದೆ ಅನ್ನಿಸುತ್ತೆ.

ಮೇಡಂ, ಒಂದು ಕೇಳೋದಿದೆ. ಹಚ್ಚಿ ಎಷ್ಟು ಹೊತ್ತಿಗೆ ಹಣ್ಣಿಗೆ ಕೈ ಹಾಕಬಹುದು?

ಔಷಧ_ಪಾಠ (ತುಮಕೂರು)

ಕಾಲು ಗಂಟೆ ಬಿಡಿ. ತಿನ್ನುವ ಪದಾರ್ಥ ಅದು, ಇಂಗಿದ ಮೇಲೂ ಬರಿಗೈ ಬೇಡ, ಒಳಗೆ ಹತ್ತಿಯ ಗವಸು, ಮೇಲೆ ತೆಳು ರಬ್ಬರಿನದು ಹಾಕಿ. ಗವಸು ಹಾಕಿಕೊಂಡು ಬೀಜ ಬಿಡಿಸುವುದು ನಿಧಾನ, ಕೂಲಿ ಕಡಿಮೆಯಾಗುತ್ತದೆ ಎಂದು ಗೊತ್ತು. ಎಡಗೈಗಾದರೂ ಹಾಕಿ ನೋಡಿ, ಹಣ್ಣು ಹಿಡಿಯುವ ಕೈ ಅದು.